ಹೆಬ್ಬೆರಳಿನ ಗುಳಿ

ಮಾರ್ಚ್ ೩, ನಸುಕು
ಬೇಕರಿ ಬಿಟ್ಟು ವರ್ಷಗಳಾದವು, ಕೈ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಬ್ರೆಡ್ಡಿನ ಹಿಟ್ಟು ನಾದಿಟ್ಟೆ. ಹೆಬ್ಬೆರಳು ಒತ್ತಿ ನೋಡಿದೆ. ಗುಳಿ ಥಟ್ಟನೆ ತುಂಬಿಕೊಂಡಿತು — ಇನ್ನೂ ಹೊತ್ತಿದೆ. ಮೆಲ್ಲಗೆ ತುಂಬಿದರೆ ಓವನ್ನಿಗೆ ಹದ. ತುಂಬಲೇ ಇಲ್ಲವೋ, ಹೊತ್ತು ಮೀರಿತು, ಆಸೆ ಬಿಡಬೇಕು. ಬಲ್ಲ ವಿದ್ಯೆ ಇದೊಂದೇ.
ಇವಳ ಚಪ್ಪಲಿ ಕಾಲಿಗೆ ಏರುತ್ತಿಲ್ಲ. "ಚಪ್ಪಲಿ ಕುಗ್ಗಿದೆ ರೀ" ಅನ್ನುತ್ತಾಳೆ. ಚಪ್ಪಲಿ ಕುಗ್ಗುತ್ತದೆಯೇ?

ಮಾರ್ಚ್ ೫
ಡಾಕ್ಟರಮ್ಮ ಇವಳ ಪಾದಕ್ಕೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ಉಳಿಯಿತು. ತುಂಬೀತೇನೋ ಎಂದು ಬಗ್ಗಿ ನೋಡುತ್ತಲೇ ಇದ್ದೆ...
ಬಿಪಿ ಏರಿದೆ, ಹೃದಯಕ್ಕೆ ಭಾರ. ಮಾತ್ರೆ ಬರೆದರು. "ಮಾತ್ರೆದು ಅರ್ಧ ಕೆಲಸ. ಇನ್ನರ್ಧ ನಿಮ್ಮ ಅಡುಗೆಮನೇದು. ಪ್ಯಾಕೆಟ್ ತಿಂಡಿ, ಉಪ್ಪಿನ ಬಿಸ್ಕತ್ತು ಬಂದ್. ಜರಡಿ ಹಿಡಿಯದ ಹಿಟ್ಟು, ಸೊಪ್ಪು, ಕಾಳು, ಹಣ್ಣು ತಿನ್ನಿ. ಮುಂದಿನ ತಿಂಗಳು ಊತ ಇಳಿದಿರಬೇಕು. ಇಲ್ಲಾಂದ್ರೆ ಅಡ್ಮಿಟ್."
ದಾರಿಯಲ್ಲಿ ಇವಳು: "ಉಪ್ಪಿಲ್ಲದೆ ತಿನ್ನೋಕೆ ನಾನೇನು ಹಸುನಾ?"

ಮಾರ್ಚ್ ೬
ತವುಡಿನ ಸಮೇತದ ಗೋಧಿ ಹಿಟ್ಟು. ಉಪ್ಪು ಹಾಕಲಿಲ್ಲ. ಉಬ್ಬಲು ಬಿಟ್ಟದ್ದು ಮಾತ್ರ ಹಳೆಯ ರೂಢಿಯಷ್ಟೇ ಹೊತ್ತು. ಹೋಗಿ ನೋಡಿದರೆ ಉಬ್ಬಿ, ಕುಸಿದು, ಸೋಮಾರಿಯ ಹಾಗೆ ಬಿದ್ದಿದೆ. ಹಿಟ್ಟು ಬೇಗ ಉಬ್ಬದಂತೆ ಲಗಾಮು ಹಿಡಿಯುವುದು ಉಪ್ಪೇ ಅಲ್ಲವೇ — ಮರೆತೇ ಹೋಗಿತ್ತು. ಆದರೂ ಬೇಯಿಸಿದೆ.
"ಗಾರೆಯವರಿಗೆ ಕೊಡಿ. ಗೋಡೆಗಾದ್ರೂ ಆಗುತ್ತೆ."
ಇಬ್ಬರೂ ನಕ್ಕೆವು. ಆಮೇಲೆ ಇವಳು ಏನೂ ತಿನ್ನದೆ ಮಲಗಿದಳು.

ಮಾರ್ಚ್ ೧೧, ಮಧ್ಯಾಹ್ನ
ಕೂತಲ್ಲೇ ಕಣ್ಣು ಹತ್ತಿತು. ಕನಸು. ಮನೆಯೆಲ್ಲ ಹಿಟ್ಟು. ಗೋಡೆ ಉಸಿರಾಡುತ್ತಿದೆ, ಚಾವಣಿ ಮೆಲ್ಲಗೆ ಏಳುತ್ತಿದೆ. ಇವಳು ಬರಿಗಾಲಲ್ಲಿ ನಡೆದುಹೋಗುತ್ತಿದ್ದಾಳೆ, ಹುಡುಗಿಯ ಹಾಗೆ ಹಗುರ. ಕಾಲಿಟ್ಟಲ್ಲೆಲ್ಲ ಗುಳಿ. ಒಂದೂ ತುಂಬುತ್ತಿಲ್ಲ. ಕೂಗಲು ಹೋದರೆ ಬಾಯಿ ತುಂಬ ಹಿಟ್ಟು...
ಎಚ್ಚರಾದಾಗ ಕಿಟಕಿಯ ಬಿಸಿಲಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು. ಕೋಣೆಯೊಳಗೆ ಪ್ಯಾಕೆಟ್ ಚರಪರ.
"ಒಂದೇ ಒಂದು ಬಿಸ್ಕತ್ತು ರೀ. ನಾಲಿಗೆ ಸತ್ತೋಗಿದೆ."
ಪಕ್ಕ ಕೂತು ಅವಳ ಪಾದ ತೊಡೆಯ ಮೇಲಿಟ್ಟುಕೊಂಡೆ.
"ಒತ್ತಬೇಡಿ" ಎಂದಳು, ಮುಖ ಆಚೆ ತಿರುಗಿಸಿ.
ಅವಳಿಗೂ ಹೆದರಿಕೆ. ಇಷ್ಟು ದಿನ ನನಗೊಬ್ಬನಿಗೇ ಅಂದುಕೊಂಡಿದ್ದೆ.

ಮಾರ್ಚ್ ೧೯
ಹಿಟ್ಟಿಗೆ ತಣ್ಣನೆಯ ಮೂಲೆ, ಕಡಿಮೆ ಹೊತ್ತು. ಒಳಗೆ ಹುರಿದ ಎಳ್ಳು, ಕೆಂಪಗೆ ಬಾಡಿಸಿದ ಈರುಳ್ಳಿ. ಜೊತೆಗೆ ನಿಂಬೆ ಹಿಂಡಿದ ಸೊಪ್ಪು. ಇವಳು ಮೂಸಿದಳು. ಕಚ್ಚಿದಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿದಳು.
"ಗೋಧಿಗೆ ಹೀಗೊಂದು ರುಚಿ ಇತ್ತಾ ರೀ? ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ವರ್ಷ?"
ನನಗೆ ಗೊತ್ತಿದ್ದರಲ್ಲವೇ ಬಚ್ಚಿಡುವುದು!
ಇನ್ನೊಂದು ತುಂಡು ಕೇಳಿದಳು. ಪ್ಯಾಕೆಟ್ ಸದ್ದಿಲ್ಲ ಈಗ.

ಏಪ್ರಿಲ್ ೪, ನಸುಕು
ಇಂದು ಡಾಕ್ಟರಮ್ಮನಲ್ಲಿಗೆ ಹೋಗಬೇಕು. ಬೇಡವೆಂದಿದ್ದಳು, ಇಷ್ಟು ದಿನ ಒತ್ತಿ ನೋಡಿರಲಿಲ್ಲ. ಇವತ್ತು ತಡೆಯಲಾಗಲಿಲ್ಲ. ನಿದ್ದೆಯಲ್ಲಿದ್ದಳು. ಹೊದಿಕೆ ಸರಿಸಿ ಹೆಬ್ಬೆರಳು ಒತ್ತಿದೆ. ತೆಗೆಯಲು ಧೈರ್ಯ ಸಾಲಲಿಲ್ಲ. ಹಾಗೇ ಕೂತಿದ್ದೆ, ಅವಳ ಉಸಿರು ಕೇಳುತ್ತಾ... ತೆಗೆದೆ.
ಗುಳಿ ಥಟ್ಟನೆ ತುಂಬಿಕೊಂಡಿತು.
"ಏನ್ರೀ, ಓವನ್ನಿಗೆ ಹಾಕ್ತೀರಾ ನನ್ನ?" ಕಣ್ಣು ತೆರೆಯದೆಯೇ ಕೇಳಿದಳು.
"ಇನ್ನೂ ಹೊತ್ತಿದೆ. ಮಲಗು."
ಬೆಳಕು ಹರಿಯುತ್ತಿದೆ. ಅವಳ ಚಪ್ಪಲಿ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಅಡುಗೆಮನೆಯಲ್ಲಿ ಹಿಟ್ಟು ಉಬ್ಬಿರಬೇಕು, ನೋಡಿ ಬಂದು ಉಳಿದದ್ದು ಬರೆಯುತ್ತೇನೆ.