ನನ್ನ ಒಗಟಿಗೆ ನಾನೇ ಊರು ಕೊಟ್ಟೆ

ರಾಮದುರ್ಗ
ಜ್ಯೇಷ್ಠ ಮಾಸ, ೧೯೧೧

ತಮ್ಮ ನಿಜಗುಣಪ್ಪನಿಗೆ ಅಕ್ಕ ರಾಚವ್ವ ಬರೆಯುವುದು. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಮನಸ್ಸೊಂದು ಬಿಟ್ಟು.

ನಿನ್ನ ಕಾಗದ ಮುಟ್ಟಿತು. "ಅಕ್ಕಾ, ಇನ್ನೊಂದಿಪ್ಪತ್ತ ಒಗಟ ಲಗೂನ ಕಳಸು" ಎಂದಿದ್ದೀಯ. ಯಾಕೆ ಬೇಕೆಂದು ಬರೆದಿಲ್ಲ. ಯಾಕೆಂದು ನನಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ, ಕುಳಿತು ಓದು.

ಮುರಗೋಡದ ಮನೆಯಲ್ಲಿ ನಾನು ಜೋಳ ಬೀಸುವಾಗ ನೀನು ಎದುರು ಕುಳಿತು ಕಲ್ಲಿಗೆ ಕಾಳು ಹಾಕುತ್ತಿದ್ದೆ. ದಿನಕ್ಕೊಂದು ಒಗಟು ನಾನು ಹಾಕಬೇಕು, ನೀನು ಬಿಡಿಸಬೇಕು. ಸೋತರೆ ಒಂದು ಊರು ಕೊಡಬೇಕು. ಯರಗಟ್ಟಿ, ಬೈಲಹೊಂಗಲ, ಸವದತ್ತಿ, ಕಡೆಗೆ ಕೋಟೆ ಸಮೇತ ಕಿತ್ತೂರನ್ನೂ ನೀನು ನನಗೆ ಕೊಟ್ಟಿದ್ದೆ. "ಇಷ್ಟ ಊರಿನ ಒಡತೀನ ಯಾವ ಮನಿಗಿ ಕೊಡೂದವಾ" ಎಂದು ಅವ್ವ ನಗುತ್ತಿದ್ದಳು. ನನಗೆ ಅಕ್ಷರ ಕಲಿಸಿದವನೂ ನೀನೇ. ಅದನ್ನು ಮರೆತಿಲ್ಲ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ನಸುಕಿನಲ್ಲಿ ಬೀಸುತ್ತ ದಿನಕ್ಕೊಂದು ಒಗಟು ಕಟ್ಟಿದೆ. ಸಂತೆಯ ಬಂಡಿಯವರ ಕೈಯಲ್ಲಿ ವಾರದ್ದೆಲ್ಲ ಬರೆದು ಕಳಿಸಿದೆ. ಉತ್ತರ ಬರೆಯುತ್ತಿರಲಿಲ್ಲ; ಅದು ನಮ್ಮ ಕಟ್ಟಳೆ. ನೀನು ಉತ್ತರವನ್ನಾದರೂ ಕಳಿಸಬೇಕು, ಊರನ್ನಾದರೂ ಕೊಡಬೇಕು. ಎರಡು ವರ್ಷದಿಂದ ಎರಡೂ ಬರಲಿಲ್ಲ. ಮಾಸ್ತರಿಕೆಯ ಗಡಿಬಿಡಿ ಎಂದುಕೊಂಡೆ, ಹುಚ್ಚಿ ನಾನು.

ವೈಶಾಖದಲ್ಲಿ ನನ್ನ ನಾದಿನಿ ದೇವಕ್ಕನ ಹಿರಿಮಗಳ ಮದುವೆಗೆ ಯರಗಟ್ಟಿಗೆ ಹೋಗಿದ್ದೆ. ಹೆಂಗಸರೆಲ್ಲ ಅರಿಷಿಣ ಬೀಸಿ ಒಗಟಿಗೆ ಕುಳಿತರು. ದೇವಕ್ಕನ ಕಿರಿಮಗಳು ತಂಗೆವ್ವ ಸಾಲಿ ಕಲಿತವಳು. ಧಾರವಾಡದ ಒಂದು ಮಾಸಪತ್ರಿಕೆ ತೆಗೆದು ಓದಿದಳು: "ತಿರಗತ ತಿರಗತ ತಿಂತೈತಿ, ಹೊಟ್ಟಿ ತುಂಬಿದ್ರ ಹಾಡತೈತಿ, ಹಸದ್ರ ಹಲ್ಲ ಕಡೀತೈತಿ."

ನನ್ನ ಒಗಟು! ಅವಳು ಮುಗಿಸುವ ಮೊದಲೇ "ಬೀಸೂಕಲ್ಲ" ಎಂದೆ.

ಅವಳು ಉತ್ತರವಿದ್ದ ಕೊನೆಯ ಪುಟ ತಿರುವಿದಳು. "ತಪ್ಪಾತರಿ ಅತ್ತಿ. ಉಗಿಬಂಡಿ ಅಂತ ಐತಿ. ಮುರಗೋಡದ ನಿಜಗುಣಪ್ಪ ಮಾಸ್ತರ ಬರದಾರ."

"ಅದು ನಾ ಕಟ್ಟಿದ್ದವಾ" ಎಂದೆ. ಎಲ್ಲರೂ ನಕ್ಕರು. "ಅಚ್ಚ ಹಾಕಿದ್ದ ಸುಳ್ಳ ಆಗತೈತೇನ ರಾಚವ್ವಾ? ಸೋತಿ, ಊರ ಕೊಡು" ಎಂದಳು ದೇವಕ್ಕ. ಅವಳ ಅಂಗೈಯಲ್ಲಿ ಬೀಸಿದ ಅರಿಷಿಣ ಇನ್ನೂ ಹಾಗೇ ಇತ್ತು. ನಾನು ಉಗಿಬಂಡಿಯನ್ನು ಕಣ್ಣಿಂದ ಕಂಡವಳಲ್ಲ, ಅವರೂ ಕಂಡವರಲ್ಲ. ಆದರೂ ಅದೇ ಗೆದ್ದಿತು. ನಾನು ಮುರಗೋಡ ಕೊಟ್ಟೆ.

ಆಮೇಲೆ ಹಳೆಯ ಸಂಚಿಕೆಗಳನ್ನೆಲ್ಲ ತರಿಸಿ ನೋಡಿದೆ. ಪ್ರತಿ ತಿಂಗಳೂ ಒಗಟು ನನ್ನದು, ಹೆಸರು ನಿನ್ನದು. ಕೇಳಿದ್ದರೆ ಕೊಡುತ್ತಿದ್ದೆನಲ್ಲೋ, ತಮ್ಮನಿಗೆ ಕೊಡದೆ ಇನ್ಯಾರಿಗೆ ಕೊಡಲಿ? ಕದ್ದದ್ದನ್ನಾದರೂ ನುಂಗಿಕೊಂಡೇನು. ಬಿಡಿಸಲು ಬರದಿದ್ದಾಗ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ, ಅದನ್ನು ಹೇಗೆ ನುಂಗಲಿ? ಕೇಳಿದರೆ ಸೋತ ಹಾಗೆ, ಒಂದು ಸುಳ್ಳು ಊರು ಕೊಡಬೇಕು. ಅಷ್ಟಕ್ಕೇ ಹೆದರಿ, ದಿನಾ ಕಾಳು ಹಾಕಿದ ಕಲ್ಲನ್ನೇ ಮರೆತು ನೀನು ಉಗಿಬಂಡಿ ಹತ್ತಿದೆ. ನಿನ್ನ ಮಾಸ್ತರಿಕೆಗೆ ಬೆಂಕಿ ಬೀಳಲಿ.

ಇಪ್ಪತ್ತು ಕಳಿಸುವುದಿಲ್ಲ. ಒಂದೇ ಕಳಿಸುತ್ತೇನೆ: "ಉಂಡಿದ್ದು ಅಕ್ಕನ ಕೈತುತ್ತ, ತೇಗಿದ್ದು ಊರ ಮುಂದ. ಯಾರು?" ಇದನ್ನೂ ಅಚ್ಚು ಹಾಕಿಸು. ಬಿಡಿಸಲಾಗದಿದ್ದರೆ ಊರು ಬೇಡ. ನೀನು ಕೊಟ್ಟ ಊರುಗಳಲ್ಲಿ ನನಗೆ ಕಾಲಿಡುವಷ್ಟು ನೆಲವಿಲ್ಲ. ನನ್ನ ಹೆಸರು ಕೊಡು.

ಅಲ್ಲಿಯತನಕ ಪಂಚಮಿಗೆ ಕರೆಯಲು ಬರಬೇಡ. ಮುರಗೋಡ ಈಗ ನನ್ನದಲ್ಲ.

ನಿನ್ನ ಮಕ್ಕಳು ಹೊಟ್ಟೆತುಂಬ ಉಂಡು ಬೆಳೆಯಲಿ, ಉಣಿಸಿದವರನ್ನು ನೆನೆಯಲಿ.

ಒಗಟು ಕಟ್ಟಿದವಳು,
ರಾಚವ್ವ