ಮುಚ್ಚದ ತ್ರಿಭುಜ ಬರೆದವರಿಗೆ

ಗದಗ
೩೦ ಫೆಬ್ರವರಿ ೨೩೧೨

ಏಳನೆಯ ತರಗತಿಗೆ ಗಣಿತ ಕಲಿಸುವ ಮಾನ್ಯರೇ,

ಮೇಲಿನ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ ಎಂದು ಬಲ್ಲೆ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನಗಳನ್ನು ಹಂಚಿ, ಮಿಕ್ಕ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ರಜೆಯಾಗಿ ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ಹೀಗೆಯೇ ಒಂದಿಷ್ಟು ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವನು, ಆಡಿ ಕಲಿತವನಲ್ಲ. ತಪ್ಪಿದ್ದಲ್ಲಿ ಕ್ಷಮಿಸಬೇಕು.

ನಮ್ಮಲ್ಲಿ ಹಿನ್ನಂಚೆ ಎಂಬ ಇಲಾಖೆಯಿದೆ. ಕಳೆದುಹೋದ ಕಾಲಕ್ಕೆ ಅದು ಕಾಗದ ಒಯ್ಯುತ್ತದೆ. ಹೇಗೆ ಎಂದು ನನಗೆ ತಿಳಿಯದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅವಕಾಶ. ಹೆಚ್ಚಿನವರು ತಾವು ನೋಡದ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಗಣಿತದ ಮೇಷ್ಟರಿಗೆ ಬರೆಯುವೆನೆಂದಾಗ ಕಿಟಕಿಯಾಚೆಯ ಗುಮಾಸ್ತರು ಮತ್ತೊಮ್ಮೆ ಯೋಚಿಸಿ ಬನ್ನಿ ಎಂದು ಕಳುಹಿಸಿದರು. ಯೋಚಿಸಿಯೇ ಬಂದೆ.

ನಮ್ಮ ಮಕ್ಕಳ ಕಿವಿಯ ಹಿಂದೆ ಕಡಲೆಕಾಳಿನಷ್ಟು ದೊಡ್ಡದೊಂದು ಮಣಿ ಅಂಟಿಕೊಂಡಿರುತ್ತದೆ. ಅದಕ್ಕೆ ಜತೆಗಣಿ ಎನ್ನುತ್ತೇವೆ. ಲೆಕ್ಕ ಕೇಳಿದರೆ ಉತ್ತರವನ್ನು ಪಿಸುಗುಟ್ಟುತ್ತದೆ. ಬಹಳ ಸಭ್ಯ ಯಂತ್ರ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೇಳಿದವರನ್ನು ತಿದ್ದುವುದಿಲ್ಲ. ಆದ್ದರಿಂದ ಗಣಿತ ಎಂಬ ವಿಷಯ ಶಾಲೆಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಕೆಲವೆಡೆ ಮಾತ್ರ ದಿನಕ್ಕೊಂದು ಬರಿಗೈ ತಾಸು ಉಳಿದಿದೆ. ಆ ಹೊತ್ತಿನಲ್ಲಿ ಮಕ್ಕಳು ಮಣಿಯನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿ ಒಳಗೆ ಬರುತ್ತಾರೆ. ನಾನು ಆ ತಾಸಿನ ಮೇಷ್ಟರು. ನನಗೆ ಕಲಿಸಲು ಪಠ್ಯವಿರಲಿಲ್ಲ. ಹಳೆಯ ಕಡತಗಳ ನಡುವೆ ನಿಮ್ಮ ಚಟುವಟಿಕೆ ಹಾಳೆಗಳು ಸಿಕ್ಕಿದವು. ಕೊನೆಯಲ್ಲಿ ಹೆಸರಿಲ್ಲ, "ಸಹ ಶಿಕ್ಷಕರು" ಎಂದಷ್ಟೇ ಇದೆ.

ಆ ಹಾಳೆಗಳನ್ನು ನಾನು ಎಷ್ಟು ಮೆಚ್ಚಿದ್ದೇನೆಂದು ಹೇಳಲು ಒಂದು ಉದಾಹರಣೆ ಸಾಕು. ಅಂಗಳದಲ್ಲಿ ಸುಣ್ಣದಿಂದ ಪೂರ್ವ–ಪಶ್ಚಿಮವಾಗಿ ಸಂಖ್ಯಾರೇಖೆ ಎಳೆಯಿರಿ ಎಂದು ಬರೆದಿದ್ದೀರಿ. ಕೂಡಬೇಕಾದರೆ ಪೂರ್ವಕ್ಕೆ ಮುಖ, ಕಳೆಯಬೇಕಾದರೆ ಪಶ್ಚಿಮಕ್ಕೆ. ಸಂಖ್ಯೆ ಧನವಾದರೆ ಮುಂದಕ್ಕೆ ನಡೆ, ಋಣವಾದರೆ ಬೆನ್ನ ಹಿಂದಕ್ಕೆ ನಡೆ. ಋಣವನ್ನು ಕಳೆದರೆ ಕೂಡಿದಂತೆ ಎಂದು ನನಗೆ ಯಾರೋ ಹೇಳಿದ್ದರು, ನಾನು ನಂಬಿದ್ದೆ. ನನ್ನ ಮಕ್ಕಳು ಪಶ್ಚಿಮಕ್ಕೆ ಮುಖ ಮಾಡಿ, ಹಿಮ್ಮುಖವಾಗಿ ನಡೆದು, ಪೂರ್ವದಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಅವರಿಗೆ ನಂಬುವ ಅಗತ್ಯವೇ ಬೀಳಲಿಲ್ಲ. ರೊಟ್ಟಿಯಾಕಾರದ ಕಾಗದ ಮಡಚಿ ಭಿನ್ನರಾಶಿ ಕಲಿಯುವುದೂ, ಸೀಳಿದ ಹುಣಸೆಬೀಜ ಎಸೆದು ಸಂಭವನೀಯತೆ ಲೆಕ್ಕ ಹಾಕುವುದೂ ಇಲ್ಲಿ ಈಗ ಮಕ್ಕಳ ಬಿಡುವಿನ ಆಟಗಳಾಗಿವೆ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಮೂರು ವರ್ಷಗಳ ಹಿಂದೆ ಶಿಕ್ಷಣ ಮಂಡಳಿಯ ಕಸ್ತೂರಿಬಾಯಿ ಬೆಳವಟಗಿ ಎಂಬವರು ನಮ್ಮ ಶಾಲೆಗೆ ಬಂದರು. ಬರಿಗೈ ತಾಸನ್ನು ಇಲ್ಲಿ ಮುಂದುವರಿಸಬೇಕೇ ಎಂದು ಅಂದೇ ತೀರ್ಮಾನಿಸುವವರಿದ್ದರು. ಕೆಟ್ಟವರಲ್ಲ. ಬಾಗಿಲಲ್ಲೇ ನನ್ನೊಡನೆ ನೇರವಾಗಿ ಮಾತಾಡಿದರು.

"ಉತ್ತರ ಕಿವ್ಯಾಗ ಸಿಗತೈತ್ರಿ, ಸರ. ಮತ್ತ್ಯಾಕ ಹುಡುಗರಿಗೆ ಈ ತ್ರಾಸ?"

ನಿಮ್ಮ ರಸಪ್ರಶ್ನೆಯ ಹಾಳೆಯನ್ನು ಮಕ್ಕಳಿಗೂ ಅವರಿಗೂ ಒಂದೊಂದು ಕೊಟ್ಟೆ. ಅದರ ಏಳನೆಯ ಪ್ರಶ್ನೆ ನಿಮಗೆ ನೆನಪಿರಬಹುದು. ಒಂದು ತ್ರಿಭುಜದ ಬಾಹುಗಳು ೩, ೪ ಮತ್ತು ೮ ಸೆಂಟಿಮೀಟರ್, ಸುತ್ತಳತೆ ಎಷ್ಟು? ಅದರಲ್ಲಿನ ಸಂಗತಿಯನ್ನು ನಾನು ಹಿಂದಿನ ದಿನವೇ ಕಂಡಿದ್ದೆ. ಅಚ್ಚಿನ ದೋಷವೋ ನಿಮ್ಮ ಜಾಣತನವೋ ತಿಳಿಯದೆ, ತಿದ್ದುವ ಹಕ್ಕು ನನಗಿಲ್ಲವೆಂದು ಇದ್ದಂತೆಯೇ ಕೊಟ್ಟೆ.

ಫಕೀರೇಶ ಎಂಬ ಹುಡುಗ ಎಲ್ಲದರಲ್ಲೂ ಮೊದಲಿಗ. "ಹದಿನೈದ್ರಿ. ಇದಕ್ಕೂ ತಲಿ ಖರ್ಚ ಮಾಡಬೇಕೇನ್ರಿ?" ಎಂದ. ಕಸ್ತೂರಿಬಾಯಿಯವರೂ ತಮ್ಮ ಮಣಿಯನ್ನು ಕೇಳಿ, ತಲೆಯಾಡಿಸಿ, ಹದಿನೈದು ಬರೆದರು. ಎಲ್ಲರೂ ಮುಂದಿನ ಪ್ರಶ್ನೆಗೆ ಹೋದರು. ನೀಲವ್ವ ಹೂಗಾರ ಎಂಬ ಹುಡುಗಿ ಮಾತ್ರ ಹೋಗಲಿಲ್ಲ. ತ್ರಿಭುಜದ ಪಾಠಕ್ಕೆ ಕಸಬರಿಗೆಯ ಕಡ್ಡಿಗಳನ್ನು ಬಳಸಿ ಎಂದು ನೀವು ಬರೆದದ್ದರಿಂದ ಪ್ರತಿ ಮಗುವಿನ ಮುಂದೆಯೂ ಒಂದು ಹಿಡಿ ಕಡ್ಡಿ ಇದ್ದವು. ಅವಳು ಮೂರು ಕಡ್ಡಿ ಮುರಿದು ನೆಲದ ಮೇಲೆ ಜೋಡಿಸುತ್ತ ಕೂತಿದ್ದಳು.

"ಯಾಕವಾ, ಇನ್ನೂ ಏಳಕ್ಕs ಕುಂತಿ?" ಎಂದು ಕಸ್ತೂರಿಬಾಯಿಯವರು ಕೇಳಿದರು.

"ಇದು ಮುಚ್ಚವಲ್ದರಿ, ಅಕ್ಕಾರ."

"ಯಾವುದು?"

"ತ್ರಿಭುಜರಿ. ಮೂರೂ ನಾಕೂ ಸೇರಿದ್ರೂ ಎಂಟನ್ನ ಮುಟ್ಟವಲ್ವು."

"ನಿನ್ನ ಕಡ್ಡೀನs ಕುಳ್ಳ ಇರಬೇಕು," ಎಂದ ಫಕೀರೇಶ.

"ಬಾರಪಾ ಶಾಣ್ಯಾ, ನೀನs ಅಳದ ನೋಡು."

ಅವನು ಬಂದು ಅಳೆದ. ಹೊಸ ಕಡ್ಡಿ ಮುರಿದ. ಆಮೇಲೆ ಉದ್ದದ ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ, "ಹಿಂಗ ಮಾಡಿದ್ರ ಮುಚ್ಚತೈತ್ರಿ," ಎಂದ.

"ಬಗ್ಗಿಸಿದ್ರ ಅದು ತ್ರಿಭುಜ ಹೆಂಗಾಕ್ಕೈತೋ? ಜೋಕಾಲಿ ಆಕ್ಕೈತಿ."

ತರಗತಿಯೆಲ್ಲ ನಕ್ಕಿತು. ಕಸ್ತೂರಿಬಾಯಿಯವರು ಮಾತ್ರ ನಗದೆ ಸೀರೆ ಒಟ್ಟುಮಾಡಿಕೊಂಡು ನೆಲದ ಮೇಲೆ ಕೂತರು. ತಾವೂ ಕಡ್ಡಿ ಮುರಿದು ಜೋಡಿಸಿದರು. ಮಕ್ಕಳು ಅವರ ಸುತ್ತ ನೆರೆದು, ಎಂಟಕ್ಕೆ ಯಾವ ಯಾವ ಜೋಡಿ ಸಾಲುತ್ತದೆ, ಯಾವುದು ಸಾಲದು ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಮೂರು, ಆರು ಸಾಲುತ್ತದೆ. ನಾಲ್ಕು, ನಾಲ್ಕು ಇಟ್ಟರೆ ಎಂಟರ ಕಡ್ಡಿಯ ಮೇಲೆ ಮಲಗಿಬಿಡುತ್ತದೆ. ಎರಡು ಚಿಕ್ಕವು ಕೂಡಿ ದೊಡ್ಡದನ್ನು ಮೀರಲೇಬೇಕೆಂಬುದನ್ನು ಆ ತಾಸಿನಲ್ಲಿ ಯಾರೂ ಯಾರಿಗೂ ಕಲಿಸಲಿಲ್ಲ. ಘಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಹೊರಗೆ ಬಂದಮೇಲೆ ಕಸ್ತೂರಿಬಾಯಿಯವರು ಮಣಿಯನ್ನು ಅದೇ ಪ್ರಶ್ನೆ ಮತ್ತೆ ಕೇಳಿದರು. ಅದು ಅದೇ ಸಭ್ಯತೆಯಿಂದ ಹದಿನೈದು ಎಂದಿತು. ಅವರು ನನ್ನತ್ತ ತಿರುಗಿದರು.

"ನಿಮ್ಮ ತಾಸು ಇರಲಿ, ಸರ," ಎಂದರು. "ಬರೋ ವರ್ಷ ಮತ್ತ ನೋಡಾಕ ಬರತೀನಿ."

ಪ್ರತಿ ವರ್ಷ ಬರುತ್ತಿದ್ದಾರೆ. ಪ್ರತಿ ವರ್ಷವೂ ತೀರ್ಮಾನ ಹೊಸದಾಗಿಯೇ ಆಗಬೇಕು. ಈಗ ಇನ್ನೂ ಕೆಲವು ಊರುಗಳಲ್ಲಿ ಬರಿಗೈ ತಾಸು ಮರಳಿದೆ. ಅಲ್ಲಿಯ ಪ್ರತಿಯೊಂದು ರಸಪ್ರಶ್ನೆಯಲ್ಲಿಯೂ, ಎಲ್ಲಿದೆಯೆಂದು ಹೇಳದೆ, ಒಂದು ಮುಚ್ಚದ ಪ್ರಶ್ನೆಯನ್ನು ಇಡುವ ರೂಢಿಯಿದೆ. ನಿಮ್ಮ ಎಂಟು ಬೇಕೆಂದೇ ಹಾಕಿದ್ದು ಎಂದು ಧಾರವಾಡದ ವಿದ್ವಾಂಸರು ಸಾಧಿಸುತ್ತಾರೆ. ಅಚ್ಚಿನಲ್ಲಿ ಐದು ಹೋಗಿ ಎಂಟಾಗಿದೆ ಅಷ್ಟೇ, ಎಂದು ಬಳ್ಳಾರಿಯವರು. ಎರಡೂ ಕಡೆಯವರು ಒಂದೇ ಸಭೆಗೆ ಬರುವುದನ್ನು ಬಿಟ್ಟಿದ್ದಾರೆ. ನಾನು ನಿಮ್ಮನ್ನು ಅದನ್ನು ಕೇಳುತ್ತಿಲ್ಲ.

ಕೇಳುವುದು ಬೇರೆಯದು. ಆ ಹಾಳೆ ನಿಮ್ಮ ತರಗತಿಯಲ್ಲಿ ಹಂಚಿದ ದಿನ ಯಾವುದಾದರೂ ಒಂದು ಮಗು ಕೈಯೆತ್ತಿ, ಇದು ಆಗುವುದಿಲ್ಲ ಎಂದೀತು. ಆಗ, ತಪ್ಪು ನಿಮ್ಮದೇ ಆಗಿದ್ದರೂ, ಎಲ್ಲರಿಗೂ ಒಂದು ಅಂಕ ಕೊಟ್ಟು ಎಂಟನೆಯ ಪ್ರಶ್ನೆಗೆ ಹೋಗಬೇಡಿ. ಸಂಖ್ಯೆಯನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಬೇಡಿ. ಯಾಕೆ ಆಗುವುದಿಲ್ಲ ಎಂದು ಆ ಮಗುವನ್ನೇ ಕೇಳಿ, ಅದು ಹೇಳಿ ಮುಗಿಸುವವರೆಗೆ ದಯವಿಟ್ಟು ನೀವು ಮಾತಾಡಬೇಡಿ.

ಇಂತಿ, ನಿಮ್ಮ ಹಾಳೆಗಳಿಂದ ಕಲಿಸುತ್ತಿರುವ
ಸಹ ಶಿಕ್ಷಕ