ಆ ನಮೂನೆಗೆ ನಾನಿನ್ನೂ ಸಹಿ ಹಾಕಿಲ್ಲ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನಗೆ ಹೆದರಿಕೆಯಾಗಿದೆ. ಅಧಿಕಾರಿಗಳಿಗೆ ಬರೆಯುವ ಪತ್ರ ಹೀಗೆ ಶುರುವಾಗಬಾರದೆಂದು ನನಗೂ ಗೊತ್ತು. ಆದರೆ ಇರುವ ಮಾತು ಇದೊಂದೇ. ನಿಮ್ಮ ಕಚೇರಿಯಿಂದ ಶಾಲೆಗೆ, ಶಾಲೆಯಿಂದ ನನ್ನ ಹೊಲಿಗೆ ಯಂತ್ರದ ಮೇಲಕ್ಕೆ ಒಂದು ಹಾಳೆ ಬಂದಿದೆ. ‘ಮನೋಶೈಕ್ಷಣಿಕ ಮೌಲ್ಯಮಾಪನಕ್ಕೆ ಪೋಷಕರ ಒಪ್ಪಿಗೆ’ ಎಂದು ತಲೆಬರಹ. ನಾಲ್ಕನೆಯ ತರಗತಿಯ ನನ್ನ ಮಗಳು ಅಮರೇಶ್ವರಿಯನ್ನು ತಾಲೂಕಿನ ಶಿಬಿರಕ್ಕೆ ಕರೆತರುತ್ತೇನೆ ಎಂದಾದರೂ ಬರೆದುಕೊಡಬೇಕು, ತರುವುದಿಲ್ಲ ಎಂದಾದರೂ ಬರೆದುಕೊಡಬೇಕು. ಸೋಮವಾರ ಕೊನೆಯ ದಿನ. ನಾಲ್ಕು ದಿನದಿಂದ ಆ ಹಾಳೆ ಕತ್ತರಿಯ ಕೆಳಗೇ ಬಿದ್ದಿದೆ.

ನಾನು ತುರ್ವಿಹಾಳದ ದಾರಿಯ ಒಂದು ಹಳ್ಳಿಯಲ್ಲಿ ಕುಬಸ ಹೊಲಿಯುವವಳು. ಪಿಯುಸಿ ಓದಿದ್ದೇನೆ. ಆದರೂ ಹೋದ ತಿಂಗಳವರೆಗೆ ಅಳತೆ ಬರೆದಿಡುವ ನೋಟ್‌ಬುಕ್ಕು ನನ್ನ ಹತ್ತಿರ ಇರಲಿಲ್ಲ, ಅಮರಿ ಇದ್ದಳು. ಎರಡು ವರ್ಷ ನಾನು ಟೇಪು ಹಿಡಿದು ಹೇಳುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ. ಆರು ತಿಂಗಳ ಹಿಂದೆ ಹೊಲಿಸಿಕೊಂಡು ಹೋದ ಕರೀಮಾಬಿ ಭತ್ತದ ನಾಟಿ ಮುಗಿಸಿ ಮತ್ತೆ ಬಟ್ಟೆ ತಂದರೆ, ಟೇಪು ತೆಗೆಯುವ ಮೊದಲೇ ಮೂಲೆಯಿಂದ ದನಿ ಬರುತ್ತಿತ್ತು: “ಎದಿ ಮೂವತ್ತಾರು, ತೋಳು ಹನ್ನೊಂದು. ಹಿಂದ ಗುಂಡಿ ಬ್ಯಾಡ ಅಂದಿದ್ರಿ ಚಿಗವ್ವಾ ನೀವು.” ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಊರ ತುಂಬ ಬೀಗಿದ್ದೇ ಬೀಗಿದ್ದು. ಇಂಥ ತಲೆ ಇರುವ ಹುಡುಗಿಗೆ ಓದು ಬರುತ್ತದೆಯೋ ಇಲ್ಲವೋ ಎಂದು ನೋಡಬೇಕೆಂದು ಯಾವ ತಾಯಿಗೆ ಅನ್ನಿಸೀತು, ಹೇಳಿ? ಪುಸ್ತಕ ಹಿಡಿದು ಪಾಠ ಒಪ್ಪಿಸುತ್ತಿದ್ದಳು. ಪುಟವನ್ನೂ ಸರಿಯಾದ ಜಾಗದಲ್ಲೇ ಮಗುಚುತ್ತಿದ್ದಳು. ನಿಮ್ಮ ಪ್ರಗತಿ ಪತ್ರದಲ್ಲೂ ‘ಓದು: ಉತ್ತಮ’ ಎಂದಿತ್ತು. ನಾನು ನಂಬಿದೆ. ನೀವೂ ನಂಬಿದಿರಿ.

ಕಳೆದ ತಿಂಗಳು ಸಿಂಧನೂರಿಗೆ ದಾರ, ಲೈನಿಂಗ್ ಬಟ್ಟೆ ತರಲು ಇಬ್ಬರೂ ಹೋಗಿದ್ದೆವು. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಕಡೆ ಸೀಟು ಹಿಡಿಯುವುದೆಂದರೆ ಮಕ್ಕಳನ್ನು ಮೊದಲು ಓಡಿಸುವುದು. ಟವೆಲ್ಲು ಕೈಗೆ ಕೊಟ್ಟು, “ಓಡು, ತುರ್ವಿಹಾಳದ ಬಸ್ಸಿಗೆ ಟವೆಲ್ ಹಾಕು, ನಾ ನೀರ ತರ್ತೀನಿ” ಎಂದೆ. ನೀರು ತಂದು ನೋಡಿದರೆ ತುರ್ವಿಹಾಳದ ಬಸ್ಸಿನಲ್ಲಿ ಅಮರಿ ಇಲ್ಲ. ಒಂದೊಂದು ಸೀಟೂ ನೋಡಿದೆ. ಕೂಗಿದೆ. ಬಾಟಲಿ ಎಲ್ಲಿ ಬಿತ್ತೋ ತಿಳಿಯದು. ಕಂಡ ಕಂಡ ಬಸ್ಸನ್ನೆಲ್ಲ ಹತ್ತಿ ಇಳಿದೆ ಸ್ವಾಮಿ. ಮುಕ್ಕಾಲು ತಾಸಿನ ಮೇಲೆ ಫೋನು ಬಂತು.

“ಅಕ್ಕಾರ, ನಾನು ಕಂಡಕ್ಟರ್ ನಾಸೀರ್ ಮಾತಾಡಾಕತ್ತೀನ್ರಿ. ನಿಮ್ಮ ಹುಡುಗಿ ನಮ್ಮ ಬಸ್ಸಿನ್ಯಾಗ ಅದಾಳ್ರಿ, ಅಂಜಬ್ಯಾಡ್ರಿ. ಮಸ್ಕಿ ದಾಟೀವಿ. ಲಿಂಗಸುಗೂರಾಗ ಕಂಟ್ರೋಲರ್ ಸಾಹೇಬ್ರ ಹತ್ರ ಕುಂದ್ರಸ್ತೀನಿ, ಬಂದು ಕರ್ಕೊಂಡು ಹೋಗ್ರಿ. ನಂಬರ ಪಾಪ ತಾನ ಹೇಳಿದ್ಳು ನೋಡ್ರಿ, ಹತ್ತಕ್ಕ ಹತ್ತು ಅಂಕಿ!”

ಲಿಂಗಸುಗೂರಿನಲ್ಲಿ ಅವಳನ್ನು ತಬ್ಬಿಕೊಂಡು ಅತ್ತೆ, ಆಮೇಲೆ ಒಂದು ಏಟೂ ಕೊಟ್ಟೆ. “ಬೋರ್ಡು ನೋಡಲಿಲ್ಲೇನ ಲೇ?” ಎಂದು ಕೇಳಿದರೆ, “ನಮ್ಮ ಬಸ್ಸು ಯಾವಾಗಲೂ ಆ ಕಂಬದ ಹಂತ್ಯಾಕ ನಿಂದ್ರತೈತಲ್ಲಬೇ” ಎಂದಳು. ಅಂದು ಆ ಕಂಬದ ಹತ್ತಿರ ಲಿಂಗಸುಗೂರಿನ ಬಸ್ಸು ನಿಂತಿತ್ತು. ಅಲ್ಲೇ ಎದುರಿಗಿದ್ದ ಬೋರ್ಡು ತೋರಿಸಿ ಓದು ಎಂದೆ. ಅವಳು ಬೋರ್ಡು ನೋಡಲಿಲ್ಲ, ನನ್ನ ಮುಖ ನೋಡಿದಳು. ನಾಲ್ಕು ವರ್ಷ ಶಾಲೆಗೆ ಹೋದ ಮಗುವಿಗೆ ಒಂದು ಊರಿನ ಹೆಸರು ಓದಲು ಬರುವುದಿಲ್ಲವೆಂದು ನನಗೆ ಗೊತ್ತಾದದ್ದು ಹೀಗೆ.

ಮರುದಿನ ಶಾಲೆಗೆ ಹೋದೆ. ಸಿದ್ದರಾಮೇಶ ಮಾಸ್ತರರು ಕೆಟ್ಟವರಲ್ಲ, ತಲೆ ತಗ್ಗಿಸಿಕೊಂಡೇ ಹೇಳಿದರು: “ಉಮಕ್ಕಾರ, ಎಲ್ಲಾರೂ ಕೂಡಿ ಓದುವಾಗ ಆಕಿದಾ ದನಿ ಜೋರು. ಒಬ್ಬಾಕಿನ್ನ ನಿಂದ್ರಿಸಿ ನಾ ಓದಿಸಿಲ್ಲ, ತಪ್ಪಾತು. ಅರವತ್ತೆಂಟು ಮಕ್ಕಳಿಗೆ ಇಬ್ಬರ ಅದೀವಿ. ಕೆಲವು ಮಕ್ಕಳಿಗೆ ಬುದ್ಧಿ ಚುರುಕ ಇದ್ರೂ ಅಕ್ಷರ ಹಿಡಿಯೂದು ಕಷ್ಟ ಇರತೈತಂತ. ಗೊತ್ತಾದ್ರ ಕಲಿಸೂ ದಾರಿ ಬ್ಯಾರೆ ಐತಿ. ತಿಳಿದವ್ರು ನೋಡಬೇಕ್ರಿ, ನನ್ನ ಕೈಲಾಗಂಗಿಲ್ಲ.” ಹಾಗೆ ಬಂತು ಈ ಹಾಳೆ. ನನ್ನ ಗಂಡ ಗೋಪಣ್ಣ ಮಾತ್ರ ಅದನ್ನು ಮುಟ್ಟಲಿಲ್ಲ. “ಸಹಿ ಹಾಕಿದಿ ಅಂದ್ರ ಹುಚ್ಚಿ ಅಂತ ಹೆಸರು ಬರತೈತಿ. ನಾಳಿ ಆಕಿ ಮದುವಿ ಮಾತಿಗೆ ಯಾರ ಬರ್ತಾರ?” ಎಂದು ಎದ್ದು ಹೋದರು. ಒಂಬತ್ತು ವರ್ಷದ ಹುಡುಗಿಯ ಮದುವೆ! ಸಿಟ್ಟು ಬಂತು. ಆದರೆ ಅವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಯಾಕೆಂದರೆ ನಮ್ಮ ಓಣಿಯಲ್ಲೇ ಯಮನೂರಮ್ಮ ಇದ್ದಾಳೆ.

ಯಮನೂರಮ್ಮನ ಮಗಳು ಗಂಗಾದೇವಿಯನ್ನು ನಿಮ್ಮ ಹೋದ ವರ್ಷದ ಶಿಬಿರಕ್ಕೆ ಕರೆದೊಯ್ದಿದ್ದರು. ಹೊರಗೆ ನೂರಾರು ಮಕ್ಕಳ ಸಾಲು. ಒಳಗೆ ಏಳು ನಿಮಿಷ. ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ಕೇಳಿದ ಪ್ರಶ್ನೆಗಳಿಗೆ ಮಗು ಸುಮ್ಮನೆ ನಿಂತಿತಂತೆ. ಕಾಗದದ ಮೇಲೆ ‘ಬುದ್ಧಿಮಾಂದ್ಯ’ ಎಂದು ಬರೆದು ಠಸ್ಸೆ ಒತ್ತಿದರು. ಈ ವರ್ಷ ಕಿವಿ ಸೋರುತ್ತದೆಂದು ಡಾಕ್ಟರಿಗೆ ತೋರಿಸಿದಾಗ ತಿಳಿದದ್ದು, ಆ ಮಗುವಿಗೆ ಕಿವಿ ಅರ್ಧ ಕೇಳಿಸುವುದಿಲ್ಲ! ಏಳು ನಿಮಿಷದಲ್ಲಿ ಬುದ್ಧಿ ಅಳೆಯುವ ಚಾತುರ್ಯ ನಿಮಗಿದೆ, ಒಪ್ಪಿದೆ. ಒಂದು ಕುಬಸದ ಅಳತೆಗೆ ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ತಪ್ಪಿದರೆ ಬಿಚ್ಚಿ ಮತ್ತೆ ಹೊಲಿದುಕೊಡುತ್ತೇನೆ. ನೀವು ಬಿಚ್ಚಿದಿರಾ? ಯಮನೂರಮ್ಮ ಕಚೇರಿಗೆ ಬಂದು ಕೈಮುಗಿದರೆ “ಮುಂದಿನ ಶಿಬಿರದಾಗ ನೋಡೂಣು” ಎಂಬ ಉತ್ತರ ಸಿಕ್ಕಿತು. ಗಂಗಾ ಇಂದಿಗೂ ತರಗತಿಯಲ್ಲಿ ಗೋಡೆಯ ಹತ್ತಿರ ಕೂರುತ್ತಾಳೆ, ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಈಗ ಹೇಳಿ, ನಾನೇನು ಮಾಡಲಿ? ಸಹಿ ಹಾಕದಿದ್ದರೆ ಅಮರಿ ಐದು, ಆರು, ಏಳು ಎಂದು ನೀವು ತಳ್ಳಿದಂತೆ ಮುಂದೆ ಹೋಗುತ್ತಾಳೆ. ಯಾವುದೋ ದಿನ ಯಾವುದೋ ಬಸ್ಸು ಹತ್ತುತ್ತಾಳೆ, ಆ ಬಸ್ಸಿನಲ್ಲಿ ನಾಸೀರ್ ಇರುವುದಿಲ್ಲ. ಹಾಕಿದರೆ ಏಳು ನಿಮಿಷ, ಒಂದು ಠಸ್ಸೆ. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ ಮೇಲೆ ಒಂದು ಮಾತು ಖಾತ್ರಿಯಾಗಿದೆ. ನನ್ನ ಮಗಳಿಗೆ ಪರೀಕ್ಷೆ ಬೇಕು. ನನಗೆ ಬೇಡವಾಗಿರುವುದು ನಿಮ್ಮ ಶಿಬಿರ.

ಆದ್ದರಿಂದ ಇದು ವಿನಂತಿಯಲ್ಲ, ನನ್ನ ಬೇಡಿಕೆ. ಈ ಕೆಲಸ ಕಲಿತವರೊಬ್ಬರು ನನ್ನ ಮಗಳ ಎದುರು ಒಂದು ಇಡೀ ಮುಂಜಾನೆ ಕೂರಬೇಕು. ಮೊದಲು ಕಿವಿ, ಕಣ್ಣು ನೋಡಲಿ. ಆಮೇಲೆ ಅವಳ ಮಾತಿನಲ್ಲೇ ಅವಳನ್ನು ಮಾತಾಡಿಸಲಿ, ನಲವತ್ತು ಹೆಂಗಸರ ಅಳತೆ ಅವಳ ತಲೆಯಲ್ಲಿದೆ ಎಂಬುದನ್ನೂ ಬರೆದುಕೊಳ್ಳಲಿ. ಏನು ಕಂಡಿತೋ ಅದನ್ನು ನನಗೆ ತಿಳಿಯುವ ಕನ್ನಡದಲ್ಲಿ ಹೇಳಿ, ನಾಳೆಯಿಂದ ಮಾಸ್ತರರು ಏನು ಮಾಡಬೇಕು, ಮನೆಯಲ್ಲಿ ನಾನೇನು ಮಾಡಬೇಕು ಎಂದು ತಿಳಿಸಿಕೊಡಲಿ. ಗಂಗಾದೇವಿಯ ಕಾಗದ ಅದೇ ದಿನ ತಿದ್ದಬೇಕು. ಇಷ್ಟನ್ನು ಸೋಮವಾರದೊಳಗೆ ಬರೆದುಕೊಡಿ, ನಿಮ್ಮ ಮುಂದೆಯೇ ಸಹಿ ಹಾಕುತ್ತೇನೆ.

ನಿನ್ನೆ ಗುಂಡಿ ಹಚ್ಚುತ್ತಿದ್ದಾಗ ಅಮರಿ ಹಾಳೆ ಎತ್ತಿಕೊಂಡು ನೋಡಿದಳು. “ಯವ್ವಾ, ಅಲ್ಲಿ ಹೋದ್ರ ನಾ ದಡ್ಡಿ ಅಂತ ಬರೀತಾರೇನು?” ಎಂದಳು. ನಾನು ಹಾಳೆ ಕಸಿದು ಮತ್ತೆ ಕತ್ತರಿಯ ಕೆಳಗಿಟ್ಟೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು: “ಬರದ್ರ ಬರೀಲಿ ಬಿಡಬೇ. ನನಗ ಹೆಂಗೂ ಓದಾಕ ಬರಂಗಿಲ್ಲ.”

ನನಗೆ ಓದಲು ಬರುತ್ತದೆ, ಮಾನ್ಯರೇ.

ಇಂತಿ,
ಒಪ್ಪಿಗೆಯ ಹಾಳೆಯನ್ನು ಖಾಲಿ ಬಿಟ್ಟು ಇಲ್ಲಿ ಮಾತ್ರ ಸಹಿ ಹಾಕುತ್ತಿರುವ,
ಉಮಾದೇವಿ
(ಅಳತೆಯನ್ನು ಈಗ ನೋಟ್‌ಬುಕ್ಕಿನಲ್ಲಿ ಬರೆದಿಡುವ ಟೇಲರ್)